ಜುಲೈ 1ರ ಹಣ: ಅಮೆರಿಕದ ಅಧ್ಯಕ್ಷರು ಮತ್ತು ಸರ್ಕಾರಿ ಶಾಲೆ

ಎಲ್ಲರಿಗೂ ನಮಸ್ಕಾರ.

2025ರ ಜೂನ್ 30ರಂದು ಅಮೆರಿಕದ ರಾಜ್ಯಗಳ ಶಿಕ್ಷಣ ಇಲಾಖೆಗಳಿಗೆ ವಾಷಿಂಗ್ಟನ್‌ನಿಂದ ಒಂದು ಪುಟ್ಟ ಇಮೇಲ್ ಬಂತು. ಮಾರನೇ ದಿನ, ಜುಲೈ 1ಕ್ಕೆ, ಸಿಗಬೇಕಾಗಿದ್ದ ಕೆಲವು ಅನುದಾನಗಳು ಇನ್ನೂ ಪರಿಶೀಲನೆಯಲ್ಲಿವೆ, ಸದ್ಯಕ್ಕೆ ಬಿಡುಗಡೆ ಇಲ್ಲ ಎಂಬುದು ಅದರ ಸಾರ. ಮೊತ್ತ ಸುಮಾರು 680 ಕೋಟಿ ಡಾಲರ್. ಶಿಕ್ಷಕರ ತರಬೇತಿ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ಪಾಠ, ಶಾಲೆ ಬಿಟ್ಟ ಮೇಲಿನ ತರಗತಿಗಳು, ಕೂಲಿಗಾಗಿ ಊರೂರು ತಿರುಗುವ ಕೃಷಿ ಕಾರ್ಮಿಕರ ಮಕ್ಕಳ ಓದು, ವಯಸ್ಕರ ಶಿಕ್ಷಣ ಇವಕ್ಕೆಲ್ಲ ಮೀಸಲಿಟ್ಟ ಹಣ ಅದು. ಕಾಂಗ್ರೆಸ್ಸು, ಅಂದರೆ ಅಲ್ಲಿನ ಸಂಸತ್ತು, ಅದನ್ನು ಮಂಜೂರು ಮಾಡಿತ್ತು. ಆ ಮಸೂದೆಗೆ ಮಾರ್ಚ್‌ನಲ್ಲಿ ಸಹಿ ಹಾಕಿದವರೂ ಇದೇ ಅಧ್ಯಕ್ಷ ಟ್ರಂಪ್.

ಅಧ್ಯಕ್ಷರು ಶಾಲೆಯ ವಿಷಯದಲ್ಲಿ ಹೀಗೆ ನಡೆದುಕೊಳ್ಳಬಹುದೇ ಎಂಬ ಜಗಳ ಅಮೆರಿಕದಲ್ಲಿ ಹೊಸದಲ್ಲ. ಪಠ್ಯ, ಪ್ರಾರ್ಥನೆ, ಭಾಷಣ ಇವುಗಳ ಗದ್ದಲವೇ ನಮ್ಮ ಕಿವಿಗೆ ಹೆಚ್ಚು ಬೀಳುತ್ತದೆ. ಆದರೆ ಅಧ್ಯಕ್ಷರ ಕೈಯಲ್ಲಿರುವ ನಿಜವಾದ ಅಸ್ತ್ರ ಸದ್ದಿಲ್ಲದ್ದು. ಅದು ತಡಮಾಡುವ ಶಕ್ತಿ. ಶಾಲೆಗೆ ಒಂದು ಕ್ಯಾಲೆಂಡರು, ನ್ಯಾಯಾಲಯಕ್ಕೆ ಇನ್ನೊಂದು. ಇವೆರಡರ ನಡುವಿನ ಅಂತರದಲ್ಲೇ ಅಧ್ಯಕ್ಷರು ಆಟ ಗೆಲ್ಲುವುದು. ಇದನ್ನು ಎರಡೂ ಪಕ್ಷದವರು ಬಳಸಿದ್ದಾರೆ, ಎರಡೂ ಪಕ್ಷದವರು ಖಂಡಿಸಿದ್ದಾರೆ. ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಪಾತ್ರ ಅದಲುಬದಲಾಗುತ್ತದೆ, ಅಷ್ಟೆ.

ಮೊದಲು ಹಣದ ಲೆಕ್ಕ ನೋಡೋಣ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು ಎನ್ನುತ್ತದೆ ಹತ್ತನೇ ತಿದ್ದುಪಡಿ. ನಮ್ಮಲ್ಲಿ 1976ರ 42ನೇ ತಿದ್ದುಪಡಿ ಶಿಕ್ಷಣವನ್ನು ಸಮವರ್ತಿ ಪಟ್ಟಿಗೆ ತಂದಿತು. ಅಂಥ ತಿದ್ದುಪಡಿ ಅಲ್ಲಿ ಆಗಿಲ್ಲ. ಸರ್ಕಾರಿ ಶಾಲೆಗಳನ್ನು ನಡೆಸುವುದು ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟುಗಳು, ಅಂದರೆ ಶಾಲಾ ಜಿಲ್ಲೆಗಳು. ಬಹುತೇಕ ಕಡೆ ಅವಕ್ಕೆ ಚುನಾಯಿತ ಮಂಡಳಿ ಇರುತ್ತದೆ. ಖರ್ಚಿನ ಬಹುಪಾಲು ರಾಜ್ಯದ ತೆರಿಗೆ ಮತ್ತು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಅಲ್ಲಿರುವ ನಮ್ಮ ಕನ್ನಡಿಗರು ಮನೆ ಕೊಳ್ಳುವಾಗ ಅಡುಗೆಮನೆಗಿಂತ ಮೊದಲು ಸ್ಕೂಲ್ ಡಿಸ್ಟ್ರಿಕ್ಟ್ ಯಾವುದೆಂದು ಕೇಳುವುದು ಇದೇ ಕಾರಣಕ್ಕೆ. ಫೆಡರಲ್, ಅಂದರೆ ಕೇಂದ್ರ, ಸರ್ಕಾರದ ಪಾಲು ಸಾಮಾನ್ಯ ವರ್ಷಗಳಲ್ಲಿ ನೂರಕ್ಕೆ ಹತ್ತರ ಆಸುಪಾಸು.

ಹತ್ತರಲ್ಲೊಂದು ಪಾಲಿಗೆ ಇಷ್ಟು ರಂಪವೇ ಎಂದು ಕೇಳಬಹುದು. ಆ ಪಾಲು ಎಲ್ಲ ಶಾಲೆಗೂ ಸಮನಾಗಿ ಹೋಗುವುದಿಲ್ಲ, ಸಮಸ್ಯೆ ಅಲ್ಲಿದೆ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಶಾಲಾ ಶಿಕ್ಷಣ ಕಾಯ್ದೆಯ ‘ಟೈಟಲ್ 1’ ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ. ಈಗ ವರ್ಷಕ್ಕೆ 1,800 ಕೋಟಿ ಡಾಲರಿಗೂ ಮೇಲೆ. 1975ರ ಕಾಯ್ದೆ ಅಂಗವಿಕಲ ಮಕ್ಕಳಿಗಾಗಿ. ಅವರಿಗಾಗಿ ಆಗುವ ಹೆಚ್ಚುವರಿ ಖರ್ಚಿನಲ್ಲಿ ಶೇ 40ರಷ್ಟನ್ನು ಕೊಡುವ ಗುರಿಯನ್ನು ಅದು ಇಟ್ಟುಕೊಂಡಿತ್ತು. ವಾಷಿಂಗ್ಟನ್ ಯಾವತ್ತೂ ಆ 40 ಮುಟ್ಟಿಲ್ಲ, ಈಗ ಶೇ 15ಕ್ಕೂ ಕಡಿಮೆ ಕೊಡುತ್ತಿದೆ. ಸಹಿ ಹಾಕುವಾಗಲೇ ಅಧ್ಯಕ್ಷ ಫೋರ್ಡ್, ಕೊಡಲಾಗದಷ್ಟನ್ನು ಈ ಕಾಯ್ದೆ ಕೊಡುತ್ತೇನೆನ್ನುತ್ತಿದೆ ಎಂದು ಎಚ್ಚರಿಸಿದ್ದರು. ಹಣ ಪೂರ್ತಿ ಬರದಿದ್ದರೂ ಕಾನೂನಿನ ಹೊಣೆ ಪೂರ್ತಿಯಾಗಿ ಶಾಲೆಯ ಮೇಲಿದೆ. ಹಾಗಾಗಿ ಶ್ರೀಮಂತ ಬಡಾವಣೆಯ ಶಾಲೆಗೆ ಫೆಡರಲ್ ಹಣ ಊಟದ ಜೊತೆಗಿನ ಉಪ್ಪಿನಕಾಯಿ ಇದ್ದಂತೆ. ಬಡ ಜಿಲ್ಲೆಗೆ ಅದೇ ಅನ್ನ.

ಈ ಹಣ ತರಗತಿಗೆ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಆಗಲೇ ತಿಳಿಯುವುದು. ಕಾಂಗ್ರೆಸ್ಸು ಮಂಜೂರು ಮಾಡುತ್ತದೆ. ಅಧ್ಯಕ್ಷರ ಕಚೇರಿಯ ಬಜೆಟ್ ವಿಭಾಗ ಆ ಮೊತ್ತವನ್ನು ಇಲಾಖೆಯ ಬಳಕೆಗೆ ಕಂತುಕಂತಾಗಿ ಬಿಡುತ್ತದೆ. ಶಿಕ್ಷಣ ಇಲಾಖೆ ಕಾನೂನಿನಲ್ಲಿರುವ ಸೂತ್ರದ ಪ್ರಕಾರ ಯಾವ ರಾಜ್ಯಕ್ಕೆ ಎಷ್ಟು ಎಂದು ಲೆಕ್ಕ ಹಾಕಿ ಅನುದಾನ ಪತ್ರ ಕಳಿಸುತ್ತದೆ. ರಾಜ್ಯ ಅದನ್ನು ಜಿಲ್ಲೆಗಳಿಗೆ ಹಂಚುತ್ತದೆ. ಜಿಲ್ಲೆಗಳು ಸಾಮಾನ್ಯವಾಗಿ ಮೊದಲು ತಮ್ಮ ಕೈಯಿಂದ ಖರ್ಚು ಮಾಡಿ, ಆಮೇಲೆ ಬಿಲ್ಲು ಕೊಟ್ಟು ಹಣ ವಾಪಸ್ ಪಡೆಯುತ್ತವೆ. ಅನುದಾನ ಪತ್ರವೇ ಕೈಯಲ್ಲಿಲ್ಲದೆ ಖರ್ಚು ಮಾಡಿದರೆ ನಾಳೆ ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ. ಜುಲೈ 2025ರಲ್ಲಿ ಹಣ ನಿಂತದ್ದು ಎರಡನೇ ಮೆಟ್ಟಿಲಲ್ಲಿ, ಬಜೆಟ್ ವಿಭಾಗದಲ್ಲಿ.

ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಯಾದ ಒಬ್ಬ ಸೂಪರಿಂಟೆಂಡೆಂಟ್‌ನ ಮೇಜಿನ ಮುಂದೆ ನಿಂತು ಇದನ್ನು ನೋಡಿ. ಮುಂದಿನ ವರ್ಷದ ಬಜೆಟ್ ವಸಂತದಲ್ಲೇ ಸಿದ್ಧವಾಗಿ ಮಂಡಳಿಯ ಮುಂದೆ ಬಂದಿರುತ್ತದೆ. ಶಿಕ್ಷಕರ ಒಪ್ಪಂದಗಳು ಮುಗಿದಿವೆ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಶಿಕ್ಷಕರನ್ನು ಕೈಬಿಡಬೇಕಾದರೆ ಮಾರ್ಚ್ 15ರೊಳಗೆ ಮೊದಲ ನೋಟಿಸ್ ಕೊಡಬೇಕೆಂದು ಕಾನೂನೇ ಇದೆ. ದಕ್ಷಿಣದ ಎಷ್ಟೋ ರಾಜ್ಯಗಳಲ್ಲಿ ಆಗಸ್ಟ್ ಮೊದಲ ವಾರಗಳಲ್ಲೇ ಶಾಲೆ ಶುರು. ಜುಲೈ 1ಕ್ಕೆ ಹಣ ಬರಲಿಲ್ಲ ಎಂದರೆ ಕಾಯಂ ಶಿಕ್ಷಕರನ್ನು ಮುಟ್ಟಲಾಗದು. ಹಾಗಾದರೆ ಕತ್ತರಿ ಯಾರ ಮೇಲೆ? ಗಂಟೆ ಲೆಕ್ಕದ ಸಹಾಯಕರು, ಸಂಜೆ ತರಗತಿ ನಡೆಸುವವರು, ಇಂಗ್ಲಿಷ್ ಕಲಿಸುವ ಹೆಚ್ಚುವರಿ ಸಿಬ್ಬಂದಿ. ಅವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಮೂರು ವಾರದ ನಂತರ ಹಣ ಬಂದರೂ ಆ ಜನ ವಾಪಸ್ ಬರುವುದಿಲ್ಲ. ಪುಸ್ತಕದಲ್ಲಿ ಒಂದು ಡಾಲರೂ ಕಡಿತವಾಗಿಲ್ಲ, ಆದರೆ ಸೇವೆ ಕಡಿತವಾಗಿದೆ.

ಆ ಬಾರಿ ಆದದ್ದೂ ಹೆಚ್ಚುಕಡಿಮೆ ಹೀಗೆಯೇ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಜುಲೈ 14ರಂದು ಮೊಕದ್ದಮೆ ಹೂಡಿದವು. ಎರಡು ದಿನದ ನಂತರ ರಿಪಬ್ಲಿಕನ್ ಪಕ್ಷದ್ದೇ ಹತ್ತು ಸೆನೆಟರುಗಳು ಹಣ ಬಿಡಿ ಎಂದು ಬಜೆಟ್ ವಿಭಾಗಕ್ಕೆ ಪತ್ರ ಬರೆದರು. ಅವರ ರಾಜ್ಯಗಳ ಹಳ್ಳಿ ಶಾಲೆಗಳೂ ಅದೇ ಹಣವನ್ನು ನಂಬಿದ್ದವಲ್ಲ. ಜುಲೈ 18ಕ್ಕೆ ಸಂಜೆ ತರಗತಿಗಳ ಹಣ ಬಿಡುಗಡೆಯಾಯಿತು, 25ಕ್ಕೆ ಉಳಿದದ್ದನ್ನೂ ಬಿಡುವುದಾಗಿ ಘೋಷಣೆ ಬಂತು. ಬೀಗ ತೆಗೆಸಿದ್ದು ಕೋರ್ಟಿನ ಮೊಕದ್ದಮೆಗಿಂತ ಸ್ವಪಕ್ಷದವರ ಮುಜುಗರ ಎಂದೇ ನನ್ನ ಅಭಿಪ್ರಾಯ.

ಕಾನೂನು ಇಲ್ಲವೆಂದಲ್ಲ. ನಿಕ್ಸನ್ ಕಾಲದಲ್ಲಿ ಅಧ್ಯಕ್ಷರು ಮಂಜೂರಾದ ಹಣವನ್ನು ತಮಗಿಷ್ಟ ಬಂದಂತೆ ತಡೆಹಿಡಿದದ್ದಕ್ಕೆ ಉತ್ತರವಾಗಿ ಕಾಂಗ್ರೆಸ್ಸು 1974ರಲ್ಲಿ ಒಂದು ಕಾಯ್ದೆ ಮಾಡಿತು. ಹಣ ಬೇಡವೆನಿಸಿದರೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ಲಿಖಿತವಾಗಿ ತಿಳಿಸಬೇಕು. ಅಧಿವೇಶನದ 45 ದಿನಗಳೊಳಗೆ ಕಾಂಗ್ರೆಸ್ಸು ಒಪ್ಪದಿದ್ದರೆ ಬಿಡುಗಡೆ ಮಾಡಲೇಬೇಕು. ಆದರೆ ‘ಇದು ತಡೆ ಅಲ್ಲ, ಪರಿಶೀಲನೆ’ ಎಂದುಬಿಟ್ಟರೆ? ಆಗ 45 ದಿನದ ಎಣಿಕೆ ಶುರುವಾಗುವುದೇ ಇಲ್ಲ. ನಮ್ಮ ಕಚೇರಿಗಳಲ್ಲಿ ‘ಫೈಲು ಮೂವ್ ಆಗಿಲ್ಲ’ ಎನ್ನುವ ಮಾತಿಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ.

ಈಗ ಎರಡನೆಯ ದಾರಿ, ಷರತ್ತು. ಇಲ್ಲಿ ಡೆಮಾಕ್ರಟರ ಕಡೆಯ ಉದಾಹರಣೆ ಕೊಡುತ್ತೇನೆ. ಜಾರ್ಜ್ ಬುಷ್ 2002ರ ಜನವರಿಯಲ್ಲಿ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯ ಮಾಡಿತು. 2014ಕ್ಕೆ ನೂರಕ್ಕೆ ನೂರು ಮಕ್ಕಳು ಪಾಸಾಗಬೇಕೆಂದಿತು. ನೂರಕ್ಕೆ ನೂರು! ಪರೀಕ್ಷೆ ತಿದ್ದಿದ ಯಾರಿಗಾದರೂ ಗೊತ್ತು, ಅದು ಆಗುವ ಮಾತಲ್ಲ. ಕಾಯ್ದೆ ತಿದ್ದಲು ಕಾಂಗ್ರೆಸ್ಸು ಒಮ್ಮತಕ್ಕೆ ಬರಲಿಲ್ಲ. ಆಗ ಒಬಾಮಾ ಸರ್ಕಾರ 2011ರಲ್ಲಿ ರಾಜ್ಯಗಳಿಗೆ ವಿನಾಯಿತಿ ಕೊಡಲು ಮುಂದಾಯಿತು. ವಿನಾಯಿತಿ ಕೊಡುವ ಅಧಿಕಾರ ಕಾಯ್ದೆಯಲ್ಲೇ ಇತ್ತು. ಆದರೆ ಜೊತೆಗೆ ಹಾಕಿದ ಷರತ್ತುಗಳು ಕಾಯ್ದೆಯಲ್ಲಿರಲಿಲ್ಲ. ಶಿಕ್ಷಕರ ಮೌಲ್ಯಮಾಪನಕ್ಕೆ ಮಕ್ಕಳ ಪ್ರಗತಿಯನ್ನು ಜೋಡಿಸಬೇಕು ಎಂಬುದು ಅವುಗಳಲ್ಲೊಂದು. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಪ್ಪಿದವು.

ವಾಷಿಂಗ್ಟನ್ ರಾಜ್ಯದ ಶಾಸಕಾಂಗ ಮಾತ್ರ ರಾಜ್ಯದ ಪರೀಕ್ಷಾ ಫಲಿತಾಂಶವನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಕಟ್ಟಲು ಒಪ್ಪಲಿಲ್ಲ. 2014ರ ಏಪ್ರಿಲ್‌ನಲ್ಲಿ ಅದರ ವಿನಾಯಿತಿ ರದ್ದಾಯಿತು. ಪರಿಣಾಮ ಏನು ಗೊತ್ತೇ? ರಾಜ್ಯದ ಬಹುತೇಕ ಶಾಲೆಗಳು ಒಮ್ಮೆಲೇ ‘ವಿಫಲ’ ಪಟ್ಟಿಗೆ ಸೇರಿದವು. ಚೆನ್ನಾಗಿ ನಡೆಯುತ್ತಿದ್ದ ಶಾಲೆಗಳೂ ‘ನಮ್ಮ ಶಾಲೆ ಗುರಿ ಮುಟ್ಟಿಲ್ಲ’ ಎಂದು ಪೋಷಕರಿಗೆ ಪತ್ರ ಬರೆಯಬೇಕಾಯಿತು. ಸುಮಾರು 4 ಕೋಟಿ ಡಾಲರ್ ಟೈಟಲ್ 1 ಹಣದ ಬಳಕೆಯ ಮೇಲೆ ಜಿಲ್ಲೆಗಳ ಹಿಡಿತ ತಪ್ಪಿತು. ಆಗ ‘ಅಧ್ಯಕ್ಷರು ಕಾನೂನನ್ನೇ ಹೊಸದಾಗಿ ಬರೆಯುತ್ತಿದ್ದಾರೆ’ ಎಂದು ಕೂಗಿದವರು ರಿಪಬ್ಲಿಕನ್ನರು. ಅವರ ದೂರಿನಲ್ಲಿ ಹುರುಳಿತ್ತು. 2015ರ ಡಿಸೆಂಬರಿನಲ್ಲಿ ಬಂದ ಹೊಸ ಕಾಯ್ದೆ ಸೆನೆಟ್ಟಿನಲ್ಲಿ 85–12 ಮತಗಳಿಂದ ಪಾಸಾಯಿತು, ಶಿಕ್ಷಣ ಕಾರ್ಯದರ್ಶಿಯ (ನಮ್ಮ ಸಚಿವರಿದ್ದಂತೆ) ಕೈಗಳನ್ನು ಹೆಸರು ಹೇಳಿಯೇ ಕಟ್ಟಿಹಾಕಿತು.

ಹತ್ತು ವರ್ಷ ಕಳೆಯಿತು. 2025ರ ಫೆಬ್ರವರಿ 21ರಂದು ಶ್ವೇತಭವನದಲ್ಲಿ ರಾಜ್ಯಪಾಲರ ಸಭೆ. ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿ ಇದ್ದಂತೆ. ಹೆಣ್ಣುಮಕ್ಕಳ ಕ್ರೀಡೆಯಲ್ಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿನಿಯರು ಭಾಗವಹಿಸುವ ವಿಷಯದಲ್ಲಿ ತಮ್ಮ ಆದೇಶ ಪಾಲಿಸದಿದ್ದರೆ ಫೆಡರಲ್ ಹಣ ಸಿಗದು ಎಂದು ಟ್ರಂಪ್ ಮೇನ್ ರಾಜ್ಯದ ಜಾನೆಟ್ ಮಿಲ್ಸ್ ಅವರಿಗೆ ಎಲ್ಲರೆದುರೇ ಹೇಳಿದರು. ಕೋರ್ಟಿನಲ್ಲಿ ನೋಡೋಣ ಎಂದರು ಮಿಲ್ಸ್. ಏಪ್ರಿಲ್‌ನಲ್ಲಿ ಕೃಷಿ ಇಲಾಖೆ ಆ ರಾಜ್ಯದ ಶಾಲಾ ಊಟದ ವ್ಯವಸ್ಥೆಗೆ ಕೊಡುತ್ತಿದ್ದ ಕೆಲವು ಹಣವನ್ನು ನಿಲ್ಲಿಸಿತು. ರಾಜ್ಯ ಕೋರ್ಟಿಗೆ ಹೋಯಿತು, ಮೇ ತಿಂಗಳಲ್ಲಿ ರಾಜಿಯಾಗಿ ಹಣ ಉಳಿಯಿತು. ಕ್ರೀಡೆಗೂ ಊಟಕ್ಕೂ ಏನು ಸಂಬಂಧ? ಷರತ್ತಿನ ಅಸ್ತ್ರ ಹಿಡಿದವರು ಯಾವ ಪೈಪ್ ಹತ್ತಿರವಿದೆಯೋ ಅದನ್ನೇ ಒತ್ತುತ್ತಾರೆ. ಈ ಬಾರಿ ಕೂಗಿದವರು ಡೆಮಾಕ್ರಟರು. ಒಬಾಮಾ ಕಾಲದ ಷರತ್ತಿಗೆ ಕನಿಷ್ಠ ವಿನಾಯಿತಿಯ ಕಲಮಿನ ಆಸರೆ ಇತ್ತು. ಒಂದು ಇಲಾಖೆಯ ಜಗಳಕ್ಕೆ ಇನ್ನೊಂದು ಇಲಾಖೆಯ ಹಣ ಹಿಡಿಯುವುದು ಅದಕ್ಕಿಂತ ಒರಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗದ್ದಲ ದೊಡ್ಡದು, ಪರಿಣಾಮ ಸಣ್ಣದು ಎನ್ನುವುದಕ್ಕೆ ಅಧ್ಯಕ್ಷರ ಭಾಷಣಗಳಿವೆ. 1991ರ ಅಕ್ಟೋಬರ್ 1ರಂದು ಹಿರಿಯ ಬುಷ್ ವಾಷಿಂಗ್ಟನ್ ನಗರದ ಒಂದು ಶಾಲೆಯಿಂದ ದೇಶದ ಮಕ್ಕಳನ್ನುದ್ದೇಶಿಸಿ ಮಾತಾಡಿದಾಗ, ಇದು ಸರ್ಕಾರಿ ಖರ್ಚಿನಲ್ಲಿ ಚುನಾವಣಾ ಪ್ರಚಾರ ಎಂದು ಡೆಮಾಕ್ರಟರು ದೂರಿದರು. ಲೆಕ್ಕ ತಪಾಸಣೆಯೂ ನಡೆಯಿತು, ಅಕ್ರಮ ಕಾಣಲಿಲ್ಲ. 2009ರ ಸೆಪ್ಟೆಂಬರ್ 8ರಂದು ಒಬಾಮಾ ವರ್ಜೀನಿಯಾದ ವೇಕ್‌ಫೀಲ್ಡ್ ಹೈಸ್ಕೂಲಿನಿಂದ ಮಾತಾಡುವ ಮೊದಲು ಇಲಾಖೆ ಶಿಕ್ಷಕರಿಗೆ ಚಟುವಟಿಕೆಗಳ ಒಂದು ಹಾಳೆ ಕಳಿಸಿತ್ತು. ಅದರಲ್ಲಿ ಒಂದು ಸಾಲು: ಅಧ್ಯಕ್ಷರಿಗೆ ನೆರವಾಗಲು ತಾವು ಏನು ಮಾಡಬಹುದೆಂದು ಮಕ್ಕಳು ತಮಗೇ ಪತ್ರ ಬರೆದುಕೊಳ್ಳಲಿ. ಆ ‘ಅಧ್ಯಕ್ಷರಿಗೆ ನೆರವು’ ಎಂಬ ಎರಡು ಪದಕ್ಕೆ ಬೆಂಕಿ ಹತ್ತಿಕೊಂಡಿತು. ಮಕ್ಕಳು ತಮ್ಮ ಓದಿನ ಗುರಿಗಳ ಬಗ್ಗೆ ಬರೆಯಲಿ ಎಂದು ಸಾಲನ್ನು ತಿದ್ದಿದರು, ಭಾಷಣದ ಪೂರ್ಣ ಪಾಠವನ್ನು ಒಂದು ದಿನ ಮೊದಲೇ ಪ್ರಕಟಿಸಿದರು. ಭಾಷಣದಲ್ಲಿ ಇದ್ದದ್ದು ಚೆನ್ನಾಗಿ ಓದಿ, ಶಾಲೆ ಬಿಡಬೇಡಿ ಎಂಬ ಬುದ್ಧಿಮಾತು. ಸಾಲು ಬರೆದವರ ಎಡವಟ್ಟು ನಿಜ. ಆದರೆ ಅದರಿಂದ ಒಬ್ಬ ಸಹಾಯಕ ಶಿಕ್ಷಕಿಯೂ ಕೆಲಸ ಕಳೆದುಕೊಳ್ಳಲಿಲ್ಲ.

ಅಧ್ಯಕ್ಷರು ಶಾಲೆಯಿಂದ ದೂರವಿರಬೇಕು ಎಂದು ಸಾರಾಸಗಟಾಗಿ ಹೇಳುವವರು ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ಗೆ ಉತ್ತರ ಕೊಡಬೇಕಾಗುತ್ತದೆ. 1957ರ ಸೆಪ್ಟೆಂಬರಿನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಅಲ್ಲಿಯವರೆಗೆ ಬಿಳಿಯರಿಗಷ್ಟೇ ಇದ್ದ ಸೆಂಟ್ರಲ್ ಹೈಸ್ಕೂಲಿನೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸುಮಾರು ಸಾವಿರ ಪ್ಯಾರಾಟ್ರೂಪರುಗಳನ್ನು ಕಳಿಸಿದರು. ಆದರೂ ಮುಂದಿನ ವರ್ಷ ಅರ್ಕಾನ್ಸಾ ರಾಜ್ಯಪಾಲ ಫಾಬಸ್ ಊರಿನ ಸರ್ಕಾರಿ ಹೈಸ್ಕೂಲುಗಳನ್ನೇ 1958–59ರ ಇಡೀ ವರ್ಷ ಮುಚ್ಚಿಸಿದರು. ಸೈನ್ಯ ಬಾಗಿಲು ತೆರೆಸಬಲ್ಲದು, ಪಾಠ ಮಾಡಿಸಲಾರದು. ಆದರೆ ಅಲ್ಲಿ ಅಧ್ಯಕ್ಷರು ಜಾರಿ ಮಾಡುತ್ತಿದ್ದದ್ದು ನ್ಯಾಯಾಲಯದ ಆದೇಶ ಎಂಬುದನ್ನು ಗಮನಿಸಿ.

ಮೂರನೆಯ ದಾರಿ ಸಿಬ್ಬಂದಿ. ಶಿಕ್ಷಣ ಇಲಾಖೆ ಹುಟ್ಟಿದ್ದು 1979ರಲ್ಲಿ, ಕಾರ್ಟರ್ ಕಾಲದಲ್ಲಿ. ಕೆಳಮನೆ ಮೊದಲು ಅದನ್ನು ಒಪ್ಪಿದ್ದು 210–206ರ ಅಂತರದಲ್ಲಿ, ಅಂದರೆ ಕೂದಲೆಳೆಯಲ್ಲಿ. ಮುಚ್ಚುತ್ತೇನೆಂದು ರೇಗನ್ 1980ರಲ್ಲೇ ಹೇಳಿದ್ದರು, ಕಾಂಗ್ರೆಸ್ಸು ಜೊತೆ ನಿಲ್ಲಲಿಲ್ಲ. 2025ರ ಮಾರ್ಚ್ 20ರಂದು ಟ್ರಂಪ್ ಸುತ್ತ ಡೆಸ್ಕುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಲಾಖೆ ಮುಚ್ಚಲು ಕ್ರಮ ಕೈಗೊಳ್ಳಿ ಎಂಬ ಆದೇಶಕ್ಕೆ ಸಹಿ ಹಾಕಿದರು. ‘ಕಾನೂನು ಅನುಮತಿಸುವಷ್ಟು ಮಟ್ಟಿಗೆ’ ಎಂಬ ಪದಗಳು ಅದರಲ್ಲಿದ್ದವು. ಕಾನೂನಿನಿಂದ ಹುಟ್ಟಿದ ಇಲಾಖೆಯನ್ನು ಮುಚ್ಚಲು ಕಾನೂನೇ ಬೇಕು. ಆದರೆ ಅದಕ್ಕೂ ಒಂಬತ್ತು ದಿನ ಮೊದಲೇ ಸಿಬ್ಬಂದಿಯನ್ನು 4,133ರಿಂದ ಸುಮಾರು 2,183ಕ್ಕೆ ಇಳಿಸುವ ಘೋಷಣೆ ಆಗಿತ್ತು. ತಾರತಮ್ಯದ ದೂರುಗಳನ್ನು ನೋಡುವ ನಾಗರಿಕ ಹಕ್ಕು ವಿಭಾಗದ 12 ಪ್ರಾದೇಶಿಕ ಕಚೇರಿಗಳಲ್ಲಿ 7ಕ್ಕೆ ಬೀಗ. ಅಂಗವಿಕಲ ಮಗುವಿನ ತಾಯಿ ಕೊಟ್ಟ ದೂರು ಕಾನೂನಿನ ಪ್ರಕಾರ ಇನ್ನೂ ಜೀವಂತ. ಅದನ್ನು ತೆರೆದು ಓದುವ ಕೈಗಳು ಆಗ ಅರ್ಧಕ್ಕಿಳಿದವು.

ಮೇ 22ರಂದು ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಧೀಶರು ಇದಕ್ಕೆ ತಡೆ ಕೊಟ್ಟರು. ಜುಲೈ 14ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿತು. ಕಾರಣ ಬರೆಯಲಿಲ್ಲ. ಸೊಟೊಮೇಯರ್ ಬರೆದ ಭಿನ್ನಮತಕ್ಕೆ ಇನ್ನಿಬ್ಬರು ನ್ಯಾಯಮೂರ್ತಿಗಳು ಸೇರಿದರು. ಇದೇ ಕೋರ್ಟು 2023ರ ಜೂನ್ 30ರಂದು ಬೈಡನ್ ಅವರ ವಿದ್ಯಾರ್ಥಿ ಸಾಲ ಮನ್ನಾವನ್ನು 6–3ರಿಂದ ರದ್ದು ಮಾಡಿತ್ತು. 10,000 ಡಾಲರ್, ಬಡ ಕಾಲೇಜು ವಿದ್ಯಾರ್ಥಿಗಳಿಗೆ ಸಿಗುವ ಪೆಲ್ ಅನುದಾನ ಪಡೆದವರಿಗೆ 20,000 ಡಾಲರ್ ತನಕದ ಮನ್ನಾ ಅದು. 2003ರ ಕಾಯ್ದೆಯ ಒಂದೆರಡು ಪದಗಳನ್ನು ಅಷ್ಟು ದೂರ ಎಳೆಯಲಾಗದು ಎಂದಿತ್ತು ಕೋರ್ಟು. ಡೆಮಾಕ್ರಟರು ಇವೆರಡನ್ನೂ ಪಕ್ಕಪಕ್ಕ ಇಟ್ಟು ಪಕ್ಷಪಾತ ಎನ್ನುತ್ತಾರೆ. ಒಂದು ಅಂತಿಮ ತೀರ್ಪು, ಇನ್ನೊಂದು ಮಧ್ಯಂತರ ಆದೇಶ ಎಂಬುದನ್ನು ಮರೆಯಬಾರದು. ಆದರೆ ಸಿಬ್ಬಂದಿಯ ವಿಷಯದಲ್ಲಿ ಮಧ್ಯಂತರವೇ ಅಂತಿಮ. ಸಾಲ ಮನ್ನಾ ಮಾಡದೆ ಕಾಯಬಹುದು. ಕೆಲಸ ಕಳೆದುಕೊಂಡ ಅಧಿಕಾರಿ ತೀರ್ಪು ಬರುವವರೆಗೆ ಖಾಲಿ ಕುರ್ಚಿಯ ಮುಂದೆ ಕಾಯುವುದಿಲ್ಲ.

2025ರ ನವೆಂಬರ್ 18ರಂದು ಇನ್ನೂ ಆರು ಒಪ್ಪಂದಗಳು ಪ್ರಕಟವಾದವು. ಇಲಾಖೆಯ ಕಾರ್ಯಕ್ರಮಗಳ ದಿನನಿತ್ಯದ ಆಡಳಿತವನ್ನು ಬೇರೆ ಇಲಾಖೆಗಳಿಗೆ ವಹಿಸುವ ಒಪ್ಪಂದಗಳಿವು. ಟೈಟಲ್ 1 ಕಾರ್ಮಿಕ ಇಲಾಖೆಯ ಪಾಲಿಗೆ ಬಂತು. ಇಲಾಖೆಯ ಬೋರ್ಡು ಹಾಗೇ ಇದೆ, ಕಾಯ್ದೆ ಹಾಗೇ ಇದೆ, ಫೈಲು ಮಾತ್ರ ಬೇರೆ ಕಟ್ಟಡಕ್ಕೆ ಹೋಗಿದೆ. ಇನ್ನು ಮುಂದೆ ಯಾವ ಜುಲೈ 1ರಂದಾದರೂ ಅಮೆರಿಕದ ಶಾಲೆಗಳ ಸುದ್ದಿ ಓದುವಾಗ ಮಂಜೂರಾದ ಮೊತ್ತವನ್ನು ಬಿಟ್ಟು ಅನುದಾನ ಪತ್ರ ಯಾವ ತಾರೀಖಿಗೆ, ಯಾವ ಕಚೇರಿಯಿಂದ ಹೊರಟಿತು ಎಂದು ನೋಡಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.