ಹೊಲದಲ್ಲೇ ತೆನೆಗೆ ಇಳಿಯುವ ವಿಷ: ಮೆಕ್ಕೆಜೋಳ ಮತ್ತು ಅಫ್ಲಾಟಾಕ್ಸಿನ್

[ದೃಶ್ಯ: ಒಣಗಿ ನಿಂತ ಮೆಕ್ಕೆಜೋಳದ ಹೊಲ, ತೆನೆಯ ಸಿಪ್ಪೆ ಸುಲಿಯುತ್ತಿರುವ ಕೈ]

ನಿರೂಪಣೆ: 2013ರ ಆರಂಭದಲ್ಲಿ ಸರ್ಬಿಯಾ ದೇಶದ ಹಾಲಿನಲ್ಲಿ, ಬೂಷ್ಟು ತಯಾರಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಮಿತಿ ಮೀರಿ ಕಾಣಿಸಿಕೊಂಡಿತು. ಅದರ ಜಾಡು ಹಿಡಿದು ಹೋದರೆ ಸಿಗುವುದು ಹಿಂದಿನ ವರ್ಷದ ಬರದಲ್ಲಿ ಬೆಳೆದ ಮೆಕ್ಕೆಜೋಳ. ಹಸುಗಳು ಅದನ್ನು ಮೇವಾಗಿ ತಿಂದಿದ್ದವು. ವಿಷದ ಒಂದಂಶ ರೂಪ ಬದಲಿಸಿಕೊಂಡು ಕೆಚ್ಚಲಿಗೆ ಇಳಿದಿತ್ತು.

ಬೂಷ್ಟು ಎಂದೊಡನೆ ನಮಗೆ ನೆನಪಾಗುವುದು ಮಳೆಗೆ ನೆನೆದ ಚೀಲ, ತೇವ ಹಿಡಿದ ಗೋದಾಮು. ಹಾಗಿರುವಾಗ ಬರಗಾಲದ ಬೆಳೆಗೆ ಬೂಷ್ಟು ಬಂದದ್ದಾದರೂ ಹೇಗೆ?

[ದೃಶ್ಯ: ತೆನೆಯ ತುದಿಯ ಕೂದಲು, ಹತ್ತಿರದಿಂದ]

ಈ ವಿಷವನ್ನು ತಯಾರಿಸುವ ಶಿಲೀಂಧ್ರಗಳಲ್ಲಿ ಮುಖ್ಯವಾದುದು ಆಸ್ಪರ್ಜಿಲಸ್ ಫ್ಲೇವಸ್. ಅದು ಮಣ್ಣಿನಲ್ಲಿಯೂ ಹಿಂದಿನ ಬೆಳೆಯ ಕೂಳೆಯಲ್ಲಿಯೂ ಬದುಕಿರುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ತೇಲಿಬಂದು ತೆನೆಯ ಕೂದಲಿನ ಮೇಲೆ ಕೂರುತ್ತವೆ. ಕೂದಲು ಕಂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಅದರ ಗುಂಟ ಬೆಳೆದು ಕಾಳನ್ನು ತಲುಪುತ್ತವೆ. ಹುಳು ಕೊರೆದ ತೂತು, ಬಿಸಿಲಿಗೆ ಬಿರಿದ ಕಾಳು ಸಿಕ್ಕರೆ ದಾರಿ ಇನ್ನೂ ಸುಲಭ. ಬಹುಪಾಲು ಬೂಷ್ಟುಗಳು ಸೋಲುವ 30 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಈ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ, ಆದರೆ ಅದೇ ಬಿಸಿಗೆ ನೀರಿಲ್ಲದ ಗಿಡ ಸೊರಗಿ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೂಬಿಡುವ ಹಂತದಿಂದ ಕಾಳು ತುಂಬುವವರೆಗಿನ ಕೆಲವು ವಾರಗಳಲ್ಲಿ ಮಳೆ ಕೈಕೊಟ್ಟರೆ, ಕೊಯ್ಲಿನ ನಂತರ ಎಷ್ಟೇ ಚೆನ್ನಾಗಿ ಒಣಗಿಸಿದರೂ ಆಗಲೇ ಸೇರಿದ ವಿಷ ಹೋಗುವುದಿಲ್ಲ; ಒಣಗಿಸುವುದರಿಂದ ಅದು ಮುಂದೆ ಹೆಚ್ಚದಂತೆ ತಡೆಯಬಹುದು, ಅಷ್ಟೇ. ಒಲೆಯ ಬಿಸಿಗೂ ಅದರ ಬಹುಪಾಲು ಉಳಿಯುತ್ತದೆ.

[ದೃಶ್ಯ: ರಾಶಿಯಿಂದ ತೆಗೆದ ಒಂದು ಹಿಡಿ ಕಾಳು]

ಕಣ್ಣಿಗೆ ಚೆನ್ನಾಗಿ ಕಾಣುವ ಕಾಳಿನಲ್ಲೂ ವಿಷವಿರಬಹುದು. ಭಾರತದಲ್ಲಿ ಧಾನ್ಯಕ್ಕೆ ನಿಗದಿಯಾದ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ ಒಂದು ಟನ್ನಿನಲ್ಲಿ 15 ಮಿಲಿಗ್ರಾಂ. ಅದೂ ರಾಶಿಯಲ್ಲೆಲ್ಲ ಸಮನಾಗಿ ಹರಡಿರದೆ ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುವುದರಿಂದ, ಒಂದೇ ಬೊಗಸೆಯನ್ನು ಪರೀಕ್ಷಿಸಿ ಇಡೀ ಲಾರಿಗೆ ತೀರ್ಪು ಕೊಡುವುದು ಜೂಜಿಗೆ ಸಮ.

ಸರ್ಬಿಯಾ ಸರ್ಕಾರ ಮಾಡಿದ್ದೇನು? ಹಾಲಿನಲ್ಲಿ ಇರಬಹುದಾದ ಮಿತಿಯನ್ನು ಕಿಲೋಗೆ 0.05ರಿಂದ 0.5 ಮೈಕ್ರೋಗ್ರಾಂಗೆ, ಅಂದರೆ ಹತ್ತು ಪಟ್ಟು ಏರಿಸಿತು. ಹಾಲು ಮೊದಲಿನದೇ, ಕಾಗದದ ಮೇಲೆ ಮಾತ್ರ ಅದು ಶುದ್ಧವಾಯಿತು. ಸರ್ಬಿಯಾದಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾದ ಈ 0.5 ಎಂಬ ಅಂಕಿಯೇ ಭಾರತ ಮತ್ತು ಅಮೆರಿಕದಲ್ಲಿ ಹಾಲಿಗೆ ಇರುವ ಮಿತಿ ಎಂಬುದನ್ನೂ ಇಲ್ಲಿ ಹೇಳಬೇಕು.

[ದೃಶ್ಯ: ಸಾಲುಗಳ ನಡುವೆ ಕಾಳು ಎರಚುತ್ತಿರುವ ರೈತ]

ಹೊಲದಲ್ಲಿ ಹುಟ್ಟುವ ತೊಂದರೆಗೆ ಹೊಲದಲ್ಲೇ ಒಂದು ಉಪಾಯವನ್ನು ಅಮೆರಿಕದ ವಿಜ್ಞಾನಿ ಪೀಟರ್ ಕಾಟಿ ಬೆಳೆಸಿದರು. ಇದೇ ಶಿಲೀಂಧ್ರದ ಕೆಲವು ತಳಿಗಳಿಗೆ ವಿಷ ತಯಾರಿಸಲು ಬರುವುದಿಲ್ಲ. ಅವುಗಳನ್ನು ಮೊಳಕೆಯೊಡೆಯದಂತೆ ಹುರಿದ ಬಿಳಿಜೋಳದ ಕಾಳಿಗೆ ಲೇಪಿಸಿ, ಹೂಬಿಡುವುದಕ್ಕೆ ಎರಡು ಮೂರು ವಾರ ಮೊದಲು ಹೆಕ್ಟೇರಿಗೆ ಸುಮಾರು 10 ಕಿಲೋ ಎರಚಿದರೆ, ಸಾಧು ತಳಿ ಮೊದಲೇ ಜಾಗ ಹಿಡಿದು ವಿಷದ ತಳಿಯನ್ನು ಹೊರಗಿಡುತ್ತದೆ. ನೈಜೀರಿಯಾದಲ್ಲಿ ಇದು ಅಫ್ಲಾಸೇಫ್ ಎಂಬ ಹೆಸರಿನಲ್ಲಿ, ಅಲ್ಲಿನ ಮಣ್ಣಿನಿಂದಲೇ ಆರಿಸಿದ ನಾಲ್ಕು ತಳಿಗಳೊಂದಿಗೆ ಬಳಕೆಯಲ್ಲಿದೆ. ಎರಚಿದ ಕಾಳಿನ ಮೇಲೆ ಆ ತಳಿ ಚಿಗುರಲು ನೆಲದಲ್ಲಿ ಸ್ವಲ್ಪ ತೇವವಿರಬೇಕು. ಆದ್ದರಿಂದ ಬರದ ಕಾಯಿಲೆಗೆ ಕೊಡುವ ಈ ಮದ್ದನ್ನು ಹೊಲಕ್ಕೆ ಹಾಕಲು ರೈತ ಕಾಯಬೇಕಾದದ್ದು ಒಂದು ಹದ ಮಳೆಗೆ.