ಬೋರ್ಡ್‌ನಲ್ಲಿ ಇಲ್ಲದ ಟಾಟಾ

ಮಲ್ಲೇಶ್ವರ ದಾಟಿ ಯಶವಂತಪುರದ ಕಡೆ ಹೋಗುವ ಬಸ್ ಹತ್ತಿದವರಿಗೆ ಈ ಕೂಗು ಗೊತ್ತಿರುತ್ತೆ: "ಟಾಟಾ ಇನ್‌ಸ್ಟಿಟ್ಯೂಟ್! ಯಾರ್ರೀ ಇಳಿಯೋರು?" ಇಳಿದು ಗೇಟ್ ನೋಡಿದರೆ ಟಾಟಾ ಹೆಸರೇ ಇಲ್ಲ, 'ಭಾರತೀಯ ವಿಜ್ಞಾನ ಸಂಸ್ಥೆ' ಅಂತಿದೆ. ನಮ್ಮ ವೀಕ್ಷಕರೊಬ್ಬರ ಪ್ರಶ್ನೆ ಇದೇ. ಕಂಡಕ್ಟರ್ ಹೇಳೋದು ತಪ್ಪಾ?

ಗೊತ್ತಿರೋ ಕಥೆ ಬೇಗ ಮುಗಿಸ್ತೀನಿ. 1893ರಲ್ಲಿ ಜಪಾನ್‌ನಿಂದ ಕೆನಡಾಕ್ಕೆ ಹೊರಟ ಹಡಗಿನಲ್ಲಿ ಜಮ್‌ಷೆಡ್‌ಜಿ ಟಾಟಾ ಮತ್ತು ವಿವೇಕಾನಂದರು ಒಟ್ಟಿಗಿದ್ದರು. 1898ರ ನವೆಂಬರ್‌ನಲ್ಲಿ ಟಾಟಾ ವಿವೇಕಾನಂದರಿಗೆ ಪತ್ರ ಬರೆದು, ಸಂಶೋಧನಾ ಸಂಸ್ಥೆಯ ಯೋಜನೆ ತಿಳಿಸಿ ಬೆಂಬಲ ಕೇಳಿದರು. ವಾಟ್ಸಾಪ್‌ನಲ್ಲಿ ನಿಮಗೂ ಹತ್ತು ಸಲ ಬಂದಿರುತ್ತೆ, ಅಲ್ವಾ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಿನ ವಿಷಯ. ಟಾಟಾ ತಮ್ಮ ಆಸ್ತಿಯಲ್ಲಿ ಅರ್ಧದಷ್ಟನ್ನು ಇದಕ್ಕೆ ತೆಗೆದಿಟ್ಟರು. ಸುಮ್ನೆ ಮಾತಲ್ಲ, ಮುಂಬೈನ ಕಟ್ಟಡಗಳು, ಜಮೀನು ಎಲ್ಲಾ ಸೇರಿ. ಆದರೆ ನನ್ನ ಹೆಸರು ಬೇಡ ಅಂದರು. ಮದುವೆಗೆ ಕೊಟ್ಟ ಸ್ಟೀಲ್ ಲೋಟದ ಮೇಲೂ ಹೆಸರು ಕೆತ್ತಿಸೋ ಜನ ನಾವು! ಆ ಲೋಟ ಇಪ್ಪತ್ತು ವರ್ಷ ಉಜ್ಜಿದರೂ ಅತ್ತೆಯ ಹೆಸರು, ತಾರೀಖಿನ ಸಮೇತ, ಹಾಗೇ ಇರುತ್ತೆ. ಇಲ್ಲಿ ಹೆಸರು ಬೇಡ ಅಂದರೂ ಊರಿನ ಬಾಯಲ್ಲಿ ಉಳಿದುಬಿಟ್ಟಿತು. ಹಾಗಾಗಿ ಕಂಡಕ್ಟರ್‌ದೇನೂ ತಪ್ಪಿಲ್ಲ.

(ತೆರೆ ಮೇಲೆ: ಮುಖ್ಯ ಕಟ್ಟಡದ ಮುಂದಿನ ಟಾಟಾ ಪ್ರತಿಮೆ)

ವೈಸರಾಯ್ ಕರ್ಜನ್‌ಗೆ ಅನುಮಾನ: ಓದೋಕೆ ಯಾರು ಬರ್ತಾರೆ, ಓದಿದವರಿಗೆ ಕೆಲಸ ಎಲ್ಲಿ? ಮಾತುಕತೆ ಎಳೆದಾಡಿತು. ಟಾಟಾ 1904ರಲ್ಲಿ ತೀರಿಕೊಂಡರು, ಒಂದು ಇಟ್ಟಿಗೆಯನ್ನೂ ನೋಡಲಿಲ್ಲ. ಮೈಸೂರು ಸಂಸ್ಥಾನ 371 ಎಕರೆ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟಿತು. 1911ರ ಮೊದಲ ಬ್ಯಾಚ್‌ನಲ್ಲಿ 24 ಜನ. ಮೊದಲ ನಿರ್ದೇಶಕ ಮೋರಿಸ್ ಟ್ರಾವರ್ಸ್. ಅಂಗಡಿ ಬೋರ್ಡ್‌ಗಳಲ್ಲಿ ಕೆಂಪಗೆ ಹೊಳೆಯೋ ನಿಯಾನ್ ಇದೆಯಲ್ಲ, ಆ ಅನಿಲವನ್ನು ವಿಲಿಯಂ ರಾಮ್ಸೆ ಜೊತೆ ಕಂಡುಹಿಡಿದವರು ಇವರೇ.

ಎಡಿಟರ್ ಆಗಲೇ ಗಡಿಯಾರ ತೋರಿಸ್ತಿದ್ದಾರೆ. ಓಡ್ತೀನಿ. 1958ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯ. ಸಂಶೋಧನೆಯೇ ಇಲ್ಲಿ ಮುಖ್ಯ, ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ ಶುರುವಾಗಿದ್ದೇ 2011ರಲ್ಲಿ. 1933ರಲ್ಲಿ ಸಿ.ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ವರ್ಷ ಕಮಲಾ ಭಾಗವತ್ ಎಂಬ ಹುಡುಗಿ ಸೀಟು ಕೇಳಿದಾಗ, ಹೆಣ್ಣುಮಕ್ಕಳಿಗೆ ಇಲ್ಲ ಅಂದವರೂ ಅವರೇ. ನೊಬೆಲ್ ಬಂದರೂ ಅದೊಂದು ಅರ್ಥವಾಗಿರಲಿಲ್ಲ ನೋಡಿ. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ನೋಡೋಣ ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು.