ಬಾಣದ ಬಲ, ಬೊಕ್ಕಸದ ಬಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಆಯುಧವೊಂದು ಕೈಗೆ ಬಂದ ಮಾತ್ರಕ್ಕೆ ಸೇನೆಗೆ ಹೊಸ ಸಾಮರ್ಥ್ಯ ಬಂದಂತಾಗುವುದಿಲ್ಲ ಎಂಬುದನ್ನು ನಮ್ಮ ಪ್ರಾಚೀನ ದಂಡನೀತಿ ಚೆನ್ನಾಗಿ ಅರಿತಿತ್ತು. ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಶಕ್ತಿಯನ್ನು ಮೂರು ಬಗೆಯಾಗಿ ಹೇಳುತ್ತದೆ: ಅರಿವು ಆಲೋಚನೆಗಳಿಂದ ಬರುವ ಮಂತ್ರಶಕ್ತಿ, ಬೊಕ್ಕಸ ಮತ್ತು ಸೈನ್ಯದಿಂದ ಬರುವ ಪ್ರಭುಶಕ್ತಿ, ಪರಾಕ್ರಮದಿಂದ ಬರುವ ಉತ್ಸಾಹಶಕ್ತಿ. ಹಿಂದಿನ ಆಚಾರ್ಯರು ಪರಾಕ್ರಮಕ್ಕೆ ಮೊದಲ ಮಣೆ ಹಾಕಿದ್ದರೆ, ಕೌಟಿಲ್ಯ ಅವರ ಮಾತನ್ನು ಒಪ್ಪದೆ ಮಂತ್ರಶಕ್ತಿಯನ್ನು ಎಲ್ಲಕ್ಕಿಂತ ಮೇಲಿಟ್ಟು, ಪರಾಕ್ರಮವನ್ನು ಕೊನೆಗೆ ಇಡುತ್ತಾನೆ. ‘ಕೋಶಮೂಲೋ ಹಿ ದಂಡಃ’, ಅಂದರೆ ಸೈನ್ಯದ ಬೇರು ಬೊಕ್ಕಸದಲ್ಲಿದೆ ಎಂಬುದೂ ಅವನದೇ ಮಾತು.

ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು ಅದೇ ಮೈಸೂರು ಸೀಮೆಯನ್ನು ಆಳಿದ ಹೈದರ್ ಮತ್ತು ಟಿಪ್ಪು ಇದನ್ನು ಓದಿದ್ದರೆಂದು ಹೇಳಲು ಆಧಾರವಿಲ್ಲ. ಆದರೂ ಕೌಟಿಲ್ಯನ ವಿಂಗಡಣೆಯನ್ನು ಒರೆಗೆ ಹಚ್ಚಿ ನೋಡಲು ಅವರ ಅಗ್ನಿಬಾಣಗಳಿಗಿಂತ, ಅಂದರೆ ರಾಕೆಟ್‌ಗಳಿಗಿಂತ, ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ಮದ್ದು ತುಂಬಿದ ಬಾಣ ಮೈಸೂರಿನಲ್ಲೇ ಹುಟ್ಟಿದ್ದಲ್ಲ. ಕಾಗದ ಅಥವಾ ಬಿದಿರಿನ ಕೊಳವೆಯ ಬಾಣಗಳು ಏಷ್ಯಾದಲ್ಲಿ ಶತಮಾನಗಳಿಂದ ಇದ್ದವು. ಮೈಸೂರಿನವರು ಆ ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು. ಸುಮಾರು ಒಂದು ಗೇಣು ಉದ್ದ, ಎರಡು ಮೂರು ಬೆರಳಗಲದ ಕಬ್ಬಿಣದ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವನ್ನು ಅದರೊಳಗೆ ಗಟ್ಟಿಯಾಗಿ ಜಡಿದು, ನಾಲ್ಕಡಿಯ ಬಿದಿರುಗಳುವಿಗೆ ಚರ್ಮದ ಪಟ್ಟಿಯಿಂದ ಬಿಗಿದರೆ ಬಾಣ ಸಿದ್ಧ. ಕಾಗದದ ಕೊಳವೆ ಸಿಡಿದುಹೋಗುವಷ್ಟು ಒತ್ತಡವನ್ನು ಕಬ್ಬಿಣ ತಡೆದುಕೊಳ್ಳುತ್ತಿದ್ದುದರಿಂದ ಮದ್ದಿನ ಪೂರ್ಣ ಬಲ ಹಾರಾಟಕ್ಕೆ ಒದಗಿ, ಬಾಣ ಒಂದು ಕಿಲೋಮೀಟರಿಗೂ ಮೀರಿ ಸಾಗುತ್ತಿತ್ತು. ನಾಡಿನ ಕಮ್ಮಾರರ ಕುಲುಮೆಗಳಲ್ಲಿ ಒಳ್ಳೆಯ ಕಬ್ಬಿಣ ಸಿಗದಿದ್ದರೆ ಇದು ಕನಸಿನ ಮಾತಾಗಿರುತ್ತಿತ್ತು.

ಇಷ್ಟಾದರೂ ಅದು ಒಳ್ಳೆಯ ಕೈಗೆಲಸ ಮಾತ್ರ. ಅದನ್ನು ಸೇನೆಯ ಸಾಮರ್ಥ್ಯವಾಗಿಸಿದ್ದು ಸಂಘಟನೆ. ಟಿಪ್ಪು ಬರೆಸಿದ ‘ಫತ್-ಉಲ್-ಮುಜಾಹಿದೀನ್’ ಎಂಬ ಪಾರ್ಸಿ ಸೇನಾ ಕೈಪಿಡಿಯಲ್ಲಿ ಕವಾಯತು ಮತ್ತು ದಳರಚನೆಯ ನಿಯಮಗಳಿವೆ. ಒಂದೊಂದು ಕುಶೂನಿಗೆ, ಅಂದರೆ ಪದಾತಿ ದಳಕ್ಕೆ, ಸುಮಾರು 200 ಬಾಣದವರನ್ನು ಸೇರಿಸಲಾಗಿತ್ತು. ಗುರಿಯ ದೂರ ನೋಡಿ ಬಾಣವನ್ನು ಎಷ್ಟು ಓರೆಯಾಗಿ ಹಿಡಿಯಬೇಕೆಂಬುದು ಅವರಿಗೆ ಕಲಿಸುತ್ತಿದ್ದ ವಿದ್ಯೆ. ಒಂಟಿ ಬಾಣ ಗುರಿ ತಪ್ಪುವುದೇ ಹೆಚ್ಚಾದ್ದರಿಂದ, ಹಲವರು ಒಟ್ಟಾಗಿ ಬಿಡುವ ಶಿಸ್ತಿನಲ್ಲೇ ಅದರ ಪರಿಣಾಮವಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, ಒಂದೇ ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಬಾಣಗಳು ಹೊರಬಂದವು. ಇಷ್ಟು ದೊಡ್ಡ ರಾಶಿಯನ್ನು ಕಂಡಾಗ, ಇದು ಒಬ್ಬಿಬ್ಬರು ಕುಶಲಕರ್ಮಿಗಳ ಹವ್ಯಾಸವಾಗಿರದೆ, ಒಂದು ರಾಜ್ಯವೇ ನಿಂತು ನಡೆಸಿದ ತಯಾರಿಕೆ ಎಂಬುದರಲ್ಲಿ ನನಗೆ ಸಂದೇಹವೇ ಉಳಿಯಲಿಲ್ಲ.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ಈ ಬಾಣಗಳೂ ಕೋವಿಯ ಗುಂಡುಗಳೂ ಸೇರಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿದ ಕರ್ನಲ್ ವೆಲ್ಲೆಸ್ಲಿಯ ಪಡೆಯನ್ನು ಕತ್ತಲಲ್ಲಿ ದಿಕ್ಕುಗೆಡಿಸಿದವು. ಮಾರನೆಯ ದಿನ ಬೆಳಕಿನಲ್ಲಿ ಬ್ರಿಟಿಷರು ಹೆಚ್ಚಿನ ಬಲದೊಂದಿಗೆ ಬಂದು ಅದೇ ತೋಪನ್ನು ಹಿಡಿದರು. ತಿಂಗಳು ತುಂಬುವುದರೊಳಗೆ, ಮೇ 4ರಂದು, ಕೋಟೆಯೂ ಬಿತ್ತು. ಮೈಸೂರಿನಲ್ಲಿ ಪರಾಕ್ರಮಕ್ಕೂ ಆಲೋಚನೆಗೂ ಕೊರತೆಯಿರಲಿಲ್ಲ. ಆದರೆ ಬ್ರಿಟಿಷರು ಮತ್ತು ಅವರ ಮಿತ್ರರೊಂದಿಗೆ ಟಿಪ್ಪು ಮಾಡಿಕೊಳ್ಳಬೇಕಾಗಿ ಬಂದ 1792ರ ಒಪ್ಪಂದವು ರಾಜ್ಯದ ಅರ್ಧಭಾಗವನ್ನು ಕಿತ್ತುಕೊಂಡು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳ ದಂಡವನ್ನೂ ಹೇರಿತ್ತು. ಕೌಟಿಲ್ಯ ಹೇಳಿದ ಬೇರಿಗೇ ಆಗ ಕೊಡಲಿಪೆಟ್ಟು ಬಿದ್ದಿತ್ತು. ಏಳು ವರ್ಷಗಳ ನಂತರದ ಸೋಲನ್ನು ವಿವರಿಸುವವರು ದ್ರೋಹದ ಕಥೆಗಳಿಗೆ ಕೊಡುವಷ್ಟು ಗಮನವನ್ನು ಈ ಲೆಕ್ಕಕ್ಕೆ ಕೊಡದಿರುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಕೊಳ್ಳೆಯಾಗಿ ಹೋದ ಬಾಣಗಳ ಮಾದರಿಗಳು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥನ ಮಗನಾದ ವಿಲಿಯಂ ಕಾಂಗ್ರೀವ್‌ಗೆ ಕಾರ್ಯಾಗಾರ, ಮದ್ದು, ಪರೀಕ್ಷಾ ಮೈದಾನ, ಸರ್ಕಾರದ ಹಣ ಎಲ್ಲವೂ ಒಂದೇ ಕಡೆ ದೊರೆತವು. ಅವನು ಮದ್ದಿನ ಪ್ರಮಾಣವನ್ನು ಬದಲಿಸುತ್ತಾ, ಬೇರೆ ಬೇರೆ ತೂಕದ ಬಾಣಗಳನ್ನು ಮಾಡಿ ಹಾರಿಸಿ, ಹಡಗಿನಿಂದ ಬಿಡುವ ವಿಧಾನವನ್ನೂ ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು ಇವೇ. ಮುಂದೆ ಬ್ರಿಟಿಷ್ ಸೇನೆಯಲ್ಲಿ ಬಾಣಗಳಿಗೆಂದೇ ಪ್ರತ್ಯೇಕ ತುಕಡಿ ಹುಟ್ಟಿ, 1813ರ ಲೈಪ್‌ಜಿಗ್ ಯುದ್ಧದಲ್ಲಿ ಹೋರಾಡಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ, ಒಳಗೆ ಸುರುಳಿಗೆರೆ ಕೊರೆದ ಫಿರಂಗಿಗಳು ಹೆಚ್ಚು ದೂರಕ್ಕೆ, ಹೆಚ್ಚು ಕರಾರುವಾಕ್ಕಾಗಿ ಗುಂಡು ಹಾರಿಸತೊಡಗಿದಾಗ, ಅದೇ ಸೇನೆ ಬಾಣಗಳನ್ನು ಮೆಲ್ಲನೆ ಬದಿಗಿಟ್ಟು ಆ ಫಿರಂಗಿಗಳತ್ತ ಹೊರಳಿತು.